ಉದಾಹರಣೆಗೆ ಬರೆದ ದಾನಿ

ಬೀಳ್ಕೊಡುಗೆಯ ದಿನ ಹಾರ ಹಾಕಿ, ಶಾಲು ಹೊದಿಸಿ, "ಎರಡು ಮಾತಾಡ್ರಿ ಅಕ್ಕಾರ" ಅಂದರು. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ಕುಳಿತುಬಿಟ್ಟೆ. ಗಂಟಲಿಗೆ ಏನೂ ಆಗಿರಲಿಲ್ಲ. ಹೇಳಬೇಕಾದದ್ದು ಹಾರ ಹಾಕಿಕೊಂಡು ಹೇಳುವ ಮಾತಾಗಿರಲಿಲ್ಲ, ಅಷ್ಟೇ. ಈಗ ನಾನು ದುಡಿದ ರಕ್ತನಿಧಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದು, ಕೆಲಸ ನಿಜಕ್ಕೂ ಹೇಗಿತ್ತು ಬರೆದುಕೊಡಿ ಎಂದು ದುಂಬಾಲು ಬಿದ್ದಿದ್ದಾರೆ. ಬರೆಯುತ್ತೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಕಚೇರಿಯ ಕಡತದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ಬಾಗಲಕೋಟೆಯ ಒಂದು ಧರ್ಮಾರ್ಥ ರಕ್ತನಿಧಿಯಲ್ಲಿ ದಾನಿಗಳ ಪಟ್ಟಿ ಇಡುವುದು ನನ್ನ ಕೆಲಸವಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದಾಗ ಪಟ್ಟಿ ಎಂದರೆ ಚಪ್ಪಲಿ ಅಂಗಡಿಯಿಂದ ತಂದ ಖಾಲಿ ಡಬ್ಬಿಗಳು, ಅವುಗಳಲ್ಲಿ ರಟ್ಟಿನ ಕಾರ್ಡುಗಳು. ಒಂದೊಂದು ಗುಂಪಿಗೆ ಒಂದೊಂದು ಬಣ್ಣ. ಮುಖ್ಯಸ್ಥರಾಗಿದ್ದ ದೇಸಾಯಿ ಡಾಕ್ಟರು ದಿನಕ್ಕೊಮ್ಮೆ ಬಂದು ಡಬ್ಬಿಯ ಮೇಲೆ ಕೈಯಿಟ್ಟು, "ಸುಶೀಲಾಬಾಯಿ, ನಮ್ಮ ಫ್ರಿಜ್ಜಿನ್ಯಾಗ ಇರೂದು ನಾಕು ಬಾಟ್ಲಿ. ಖರೆ ರಕ್ತ ಈ ಡಬ್ಬ್ಯಾಗ ಐತಿ" ಅನ್ನುತ್ತಿದ್ದರು. ಮುಂಗೋಪಿ ಮನುಷ್ಯ, ಆದರೆ ಈ ಒಂದು ಮಾತಿಗಾಗಿ ಅವರ ಉಳಿದೆಲ್ಲ ಬೈಗುಳವನ್ನು ನಾನು ನುಂಗಿಕೊಂಡಿದ್ದೇನೆ.

ಆಗ ಎಲ್ಲರ ಮನೆಯಲ್ಲಿ ಫೋನಿರಲಿಲ್ಲ. ದಾನಿ ಕೊಟ್ಟದ್ದು ಪಕ್ಕದ ಮನೆಯ ನಂಬರೋ, ಕಿರಾಣಿ ಅಂಗಡಿಯದೋ ಆಗಿರುತ್ತಿತ್ತು. ಒಮ್ಮೆ ಗುಳೇದಗುಡ್ಡದ ದಾನಿಯೊಬ್ಬರನ್ನು ಕರೆಸಿದರೆ ಅದೇ ಹೆಸರಿನ, ಅದೇ ಓಣಿಯ ಇಬ್ಬರು ಬಂದು ನಿಂತರು. ಇಬ್ಬರೂ ಕುಪ್ಪಸದ ಖಣ ನೇಯುವ ಮಗ್ಗ ಬಿಟ್ಟು ಎದ್ದು ಬಂದವರು. ಯಾರ ಗುಂಪು ಹೊಂದುತ್ತದೆಂದು ನೋಡುವುದರಲ್ಲಿ ಅರ್ಧ ತಾಸು ಹೋಯಿತು. ದೇಸಾಯರು ನನ್ನನ್ನು ಎಲ್ಲರೆದುರು ಉಗಿದರು. ಅಂದಿನಿಂದ ಪ್ರತಿ ಕಾರ್ಡಿನಲ್ಲೂ ಮೈಮೇಲಿನ ಗುರುತು ಬರೆಯುವುದನ್ನು ನಾನೇ ಶುರು ಮಾಡಿದೆ. ಕಪಾಳದ ಮೇಲೆ ಮಚ್ಚೆ, ಮೊಣಕೈ ಬಳಿ ಗಾಯದ ಕಲೆ, ಹೀಗೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಕ್ಕೆ ಡಬ್ಬಿಗಳ ಕಾಲ ಮುಗಿಯುತ್ತ ಬಂತು. ನವನಗರದಲ್ಲಿದ್ದ ಮಠಪತಿ ಎಂಬುವರು, ಕಾಲೇಜಿನ ಪಾಠ ಬಿಟ್ಟು ಪ್ರೋಗ್ರಾಂ ಬರೆಯುವ ಕೆಲಸ ಹಿಡಿದವರು, ನಮಗೊಂದು ವೆಬ್ ತಂತ್ರಾಂಶ ಮಾಡಿಕೊಟ್ಟರು. ಪೈಥಾನ್ ಎಂಬ ಭಾಷೆಯಲ್ಲಿ ಬರೆದದ್ದು. ಹುನಗುಂದ, ಬಾದಾಮಿ, ಇಳಕಲ್ಲಿನ ಆಸ್ಪತ್ರೆಗಳ ಕಂಪ್ಯೂಟರುಗಳು ನಮ್ಮ ಕಂಪ್ಯೂಟರನ್ನು ನೇರವಾಗಿ ಕೇಳಬೇಕು, ನಮ್ಮದು ಉತ್ತರ ಕೊಡಬೇಕು ಎಂಬುದು ಯೋಜನೆ. ಹಾಗೆ ಕೇಳುವ ವ್ಯವಸ್ಥೆಗೆ ಎಪಿಐ ಅನ್ನುತ್ತಾರೆ. ನಾನು ಅದನ್ನು ಕಿಟಕಿ ಎಂದೇ ಕರೆಯುತ್ತಿದ್ದೆ. ದಾನಿಯನ್ನು ಹುಡುಕಲು ಒಂದು ಕಿಟಕಿ, ಹೊಸ ದಾನಿಯನ್ನು ಸೇರಿಸಲು ಒಂದು, ತೆಗೆದುಹಾಕಲು ಒಂದು. ಯಾವ ಕಿಟಕಿಯಲ್ಲಿ ಏನು ಕೇಳಬೇಕು, ಏನು ಉತ್ತರ ಬರುತ್ತದೆ ಎಂದು ಹೇಳುವ ಕೈಪಿಡಿಯ ಪುಟವನ್ನು ಯಾರೂ ಕೂತು ಬರೆಯಬೇಕಾಗಿರಲಿಲ್ಲ. ಪ್ರೋಗ್ರಾಂ ಒಳಗೆ ಬರೆದವರು ಇಟ್ಟ ಟಿಪ್ಪಣಿಗಳನ್ನು ಆರಿಸಿ ಆ ತಂತ್ರಾಂಶವೇ ತಾನಾಗಿ ಪುಟ ತಯಾರಿಸುತ್ತಿತ್ತು.

ತಾನಾಗಿ ಆಗುವುದರ ರುಚಿ ಮೊದಲ ದಿನವೇ ಸಿಕ್ಕಿತು. ಡಾಕ್ಟರಿಗೆ ತೋರಿಸಲೆಂದು ಮಠಪತಿಯವರು ಪುಟ ತೆರೆದರು. ಮೂರನೇ ಕಿಟಕಿಯ ಕೆಳಗೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೀಗಿತ್ತು: ಇದು ಯಾಕೆ ನಡೆಯುತ್ತದೋ ನನಗೂ ತಿಳಿದಿಲ್ಲ, ಡಾಕ್ಟರು ಕೇಳಿದರೆ ಪರೀಕ್ಷೆ ಆಗಿದೆ ಎನ್ನಬೇಕು. ತನಗಾಗಿ ಬರೆದುಕೊಂಡ ಟಿಪ್ಪಣಿಯನ್ನು ಯಂತ್ರ ಊರಿಗೆಲ್ಲ ಓದಿ ಹೇಳಿತ್ತು. ದೇಸಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಪರೀಕ್ಷೆ ಆಗೇತೇನ್ರಿ ಮಠಪತಿ?" ಎಂದು ಕೇಳಿದರು. ನಾನು ನಗು ತಡೆಯಲಾರದೆ ಹೊರಗೆ ಹೋದೆ. ಮರುದಿನದಿಂದ ಆ ಪುಟವನ್ನು ಮನುಷ್ಯರು ಓದುವಂತೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ನಕ್ಕದ್ದಕ್ಕೆ ಶಿಕ್ಷೆ ಇರಬೇಕು.

ನಾನು ಓದಿದ್ದು ಬಿ.ಎ. ಆದರೂ ಕಲಿತೆ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗ ಒಂದು ಅಕ್ಷರದಷ್ಟು ತಪ್ಪಿದರೂ ಇಡೀ ಪ್ರೋಗ್ರಾಂ ಮುಷ್ಕರ ಹೂಡುತ್ತದೆ. ಕನ್ನಡ ಅಕ್ಷರ ಕಂಡರೆ ಆಗಿನ ಪೈಥಾನಿಗೆ ಆಗುತ್ತಿರಲಿಲ್ಲ, ಕಡತದ ತಲೆಯಲ್ಲಿ ಒಂದು ಸಾಲು ಬರೆದು ಅದನ್ನು ಒಪ್ಪಿಸಬೇಕಿತ್ತು. ಅಕಾರಾದಿಯಲ್ಲಿ ಬರುತ್ತಿದ್ದ ಕಿಟಕಿಗಳನ್ನು ಕೆಲಸದ ಕ್ರಮದಲ್ಲಿ ಜೋಡಿಸಿದೆ. ದಾನಿಯನ್ನು ತೆಗೆದುಹಾಕುವ ಕಿಟಕಿಯನ್ನು ಪುಟದಿಂದ ಮರೆಮಾಡಿದೆ. ವಿವರಣೆಯೆಲ್ಲ ಕನ್ನಡಕ್ಕೆ ಬಂತು. ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಪ್ರತಿ ಕಿಟಕಿಯ ಕೆಳಗೂ ಯಂತ್ರ ತಾನೇ ಒಂದು ಉದಾಹರಣೆ ಕೊಡುತ್ತಿತ್ತು. ಹೆಸರು ಎಂದಿರುವಲ್ಲಿ 'ಸ್ಟ್ರಿಂಗ್', ಊರು ಎಂದಿರುವಲ್ಲಿ 'ಸ್ಟ್ರಿಂಗ್', ವಯಸ್ಸಿಗೆ ಸೊನ್ನೆ. ಅಕ್ಷರ ಬರೆಯಿರಿ, ಅಂಕಿ ಬರೆಯಿರಿ ಎಂದು ಅದರ ಅರ್ಥ.

ಅದರ ಫಲ ಬಾದಾಮಿಯಿಂದ ಬಂತು. ಅಲ್ಲಿಯ ಶಿಬಿರವೊಂದರಲ್ಲಿ ರಕ್ತ ಕೊಟ್ಟವರನ್ನೆಲ್ಲ ಅಲ್ಲಿಯ ಆಪರೇಟರ್ ಬಹಳ ನಿಷ್ಠೆಯಿಂದ ನಮ್ಮ ಕಿಟಕಿಗೆ ಕಳಿಸಿದ್ದ. ತೆರೆದು ನೋಡಿದರೆ ಎಲ್ಲರ ಹೆಸರೂ ಸ್ಟ್ರಿಂಗ್, ಎಲ್ಲರ ಊರೂ ಸ್ಟ್ರಿಂಗ್, ಎಲ್ಲರ ವಯಸ್ಸೂ ಸೊನ್ನೆ. ಫೋನ್ ಮಾಡಿ ಕೇಳಿದರೆ, "ನೀವ ಹಂಗ ಬರದೀರಲ್ರಿ ಅಕ್ಕಾರ, ನಾ ಹೆಂಗ ಬದಲ ಮಾಡ್ಲಿ?" ಅಂದ. ಅವನದೂ ತಪ್ಪಿಲ್ಲ. ದೇಸಾಯರು ಕೇಳಿ, "ಉದಾಹರಣೆ ಅಂದ್ರ ಒಬ್ಬ ಮನಶ್ಯಾ ಕಾಣಬೇಕು ಸುಶೀಲಾಬಾಯಿ. ಹೆಸರು, ಊರು, ಮೈ, ಕೈ ಇರ್ಬೇಕು" ಅಂದರು.

ಹಾಗೆ ನಾನೊಬ್ಬ ಮನುಷ್ಯನನ್ನು ಬರೆದೆ. ನಿಜವಾದ ದಾನಿಗಳ ಹೆಸರು ಬರಬಾರದೆಂದು ಡಬ್ಬಿಗಳನ್ನೆಲ್ಲ ತಡಕಿ, ಎಲ್ಲೂ ಇಲ್ಲದ ಹೆಸರು ಆರಿಸಿದೆ: ಮುದಕಪ್ಪ ಬೆಲ್ಲದ. ಊರು ಅಮೀನಗಡ, ಬಸ್ಸು ನಿಲ್ಲುವಲ್ಲಿ ಕರದಂಟು ಮಾಡುವ ಅಂಗಡಿಯಲ್ಲಿ ಕೆಲಸ. ವಯಸ್ಸು ಮೂವತ್ತನಾಲ್ಕು. ರಕ್ತದ ಗುಂಪು ಓ ನೆಗೆಟಿವ್, ಏಕೆಂದರೆ ಹುನಗುಂದ ತಾಲ್ಲೂಕಿನ ನಮ್ಮ ಪಟ್ಟಿಯಲ್ಲಿ ಆ ಗುಂಪಿನವರು ಒಬ್ಬರೂ ಇರಲಿಲ್ಲ, ಯಾರೊಂದಿಗೂ ಗೊಂದಲವಾಗುವುದಿಲ್ಲ. ಗುರುತು: ಎಡಗೈ ಹೆಬ್ಬೆರಳಿಗೆ ಬೆಲ್ಲದ ಪಾಕ ಸಿಡಿದು ಸುಟ್ಟ ಕಲೆ. ಕೊನೆಯ ರಕ್ತದಾನ ಎಂಬ ಜಾಗವನ್ನು ಖಾಲಿ ಬಿಟ್ಟೆ. ನಿಜ ಹೇಳಬೇಕೆಂದರೆ ಬರೆಯುವಾಗ ಬಹಳ ಖುಷಿಯಾಗಿತ್ತು. ಅಷ್ಟು ವರ್ಷ ಬೇರೆಯವರು ಹೇಳಿದ್ದನ್ನೇ ಬರೆದುಕೊಂಡವಳು ನಾನು, ಮೊದಲ ಸಲ ನನ್ನ ಕೈಯಿಂದ ಒಬ್ಬ ಆದ. ಯಂತ್ರ ಮತ್ತೆ ಶುರುವಾದಾಗ ಪುಟದಲ್ಲಿ ಅವನು ಬಂದು ನಿಂತ. ಪ್ರಶ್ನೆ: ಹುನಗುಂದ ತಾಲ್ಲೂಕಿನಲ್ಲಿ ಓ ನೆಗೆಟಿವ್ ದಾನಿ ಯಾರಿದ್ದಾರೆ? ಉತ್ತರ: ಮುದಕಪ್ಪ ಬೆಲ್ಲದ.

ಒಂದು ತಿಂಗಳು ಕಳೆದಿರಬಹುದು. ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದಾಗ ಹುನಗುಂದದ ಒಂದು ಹೆರಿಗೆ ಆಸ್ಪತ್ರೆಯಿಂದ ಗಂಗವ್ವ ಸಿಸ್ಟರ್ ಫೋನ್ ಮಾಡಿದರು. ವರ್ಷಗಳಿಂದ ಧ್ವನಿಯ ಪರಿಚಯ.

"ಅಕ್ಕಾರ, ಭಾಳ ಉಪಕಾರ ಆತ್ರಿ. ನಿನ್ನೆ ಕೂಡಲಸಂಗಮದ ಕಡಿ ಹೆಣ್ಣಮಗಳು ಹೋಗೇಬಿಡ್ತಾಳ ಅಂತ ಮಾಡಿದ್ವಿ. ನಿಮ್ಮ ಮುದಕಪ್ಪ ಬಂದು ರಕ್ತಾ ಕೊಟ್ಟು ಹೋದ. ತಾಯಿ ಕೂಸು ಇಬ್ಬರೂ ಅರಾಮ ಅದಾರ."

"ಯಾವ ಮುದಕಪ್ಪ?"

"ಅದ ಅಮೀನಗಡದಾಂವ್ರಿ. ನಿಮ್ಮ ಹಾಳ್ಯಾಗ ಬರದೀರಲ್ಲ. ಕರದಂಟಿನ ಅಂಗಡ್ಯಾಂವ."

ಫೋನ್ ಇಟ್ಟು ಊಟದ ಡಬ್ಬಿ ಮುಚ್ಚಿದೆ. ದೆವ್ವ ಭೂತ ಎಂದರೆ ಬೈದು ಕಳಿಸುವವಳು ನಾನು. ಹಾಗಾಗಿ ಮೊದಲು ಮಠಪತಿಯವರನ್ನು ಕರೆಸಿದೆ. ಯಾವ ಊರಿನಿಂದ ಯಾವ ಕಿಟಕಿ ತೆರೆದರು ಎಂಬುದನ್ನು ನಮ್ಮ ಯಂತ್ರ ದಿನಚರಿಯಂತೆ ಬರೆದಿಡುತ್ತಿತ್ತು. ಅವರು ಅದನ್ನು ಸಾಲು ಸಾಲಾಗಿ ನೋಡಿದರು. ಹುನಗುಂದದಿಂದ ದಾನಿಯನ್ನು ಹುಡುಕುವ ಕಿಟಕಿಯನ್ನು ಯಾರೂ ತಟ್ಟಿರಲೇ ಇಲ್ಲ. ವಾರದ ಹಿಂದೆ ಒಮ್ಮೆ ಕೈಪಿಡಿಯ ಪುಟ ಮಾತ್ರ ತೆರೆದಿದ್ದರು. "ಅವರ ನೋಡಿದ್ದು ಉದಾಹರಣೆ ಅಷ್ಟರಿ. ಪಟ್ಟಿ ಅಲ್ಲ" ಅಂದರು ಮಠಪತಿ. ಪಟ್ಟಿಯಲ್ಲಿ ಮುದಕಪ್ಪನೂ ಇರಲಿಲ್ಲ, ಬೆಲ್ಲದ ಎಂಬುವರೂ ಇರಲಿಲ್ಲ.

ಮರುದಿನ ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ತಪ್ಪು ಎಲ್ಲಾಯಿತು ಎಂಬುದು ಹೆರಿಗೆ ಕೋಣೆಯ ಹೊರಗಿನ ಗೋಡೆಯ ಮೇಲೇ ಇತ್ತು. ಕನ್ನಡದಲ್ಲಿದೆ, ಓದಲು ಚೆನ್ನಾಗಿದೆ ಎಂದು ನನ್ನ ಪುಟವನ್ನು ಮುದ್ರಿಸಿಕೊಂಡಿದ್ದರು. 'ಇದು ಮಾದರಿ ಮಾತ್ರ' ಎಂದು ನಾನು ಬರೆದದ್ದು ಮೊದಲನೇ ಹಾಳೆಯ ಕೊನೆಗೆ ಬಿದ್ದಿತ್ತು. ಪ್ರಶ್ನೆ, ಉತ್ತರ, ಮುದಕಪ್ಪ ಎಲ್ಲ ಎರಡನೇ ಹಾಳೆಯಲ್ಲಿದ್ದರು. ಅವರು ಗೋಡೆಗೆ ಅಂಟಿಸಿದ್ದು ಎರಡನೇ ಹಾಳೆಯನ್ನು. ಸಿಸ್ಟರ್ ಅದನ್ನು ನೋಡಿ ಆಂಬುಲೆನ್ಸಿನ ಮೌಲಾಸಾಬರನ್ನು ಅಮೀನಗಡಕ್ಕೆ ಓಡಿಸಿದ್ದರು. ದಾನಿಯನ್ನು ಆಸ್ಪತ್ರೆಗೇ ಕರೆಸಿ, ಅಲ್ಲೇ ಗುಂಪು ನೋಡಿ ರಕ್ತ ತೆಗೆದು ಏರಿಸುವುದು ಆಗಲೂ ನಿಯಮಕ್ಕೆ ವಿರುದ್ಧವೇ. ಜೀವ ಹೋಗುವ ಹೊತ್ತಿಗೆ ಅಲ್ಲಲ್ಲಿ ನಡೆಯುತ್ತಿತ್ತು. ನೀವು ಮಾಡಬೇಡಿ.

ಸಿಸ್ಟರ್ ದಾಖಲೆ ಪುಸ್ತಕ ತೆಗೆದು ತೋರಿಸಿದರು. ಮುದಕಪ್ಪ ಬೆಲ್ಲದ, ಮೂವತ್ತನಾಲ್ಕು, ಓ ನೆಗೆಟಿವ್. "ಸಹಿ ಬರೂದಿಲ್ಲ ಅಂದ್ರಿ. ಹೆಬ್ಬೆಟ್ಟು ಒತ್ತಿಸಿಕೊಂಡೆ." ನೀಲಿ ಮಸಿಯ ಎಡಗೈ ಹೆಬ್ಬೆರಳಿನ ಗುರುತಿತ್ತು. ಅದರ ನಡುವೆ ಹುರಿಗಡಲೆಯಷ್ಟು ಜಾಗದಲ್ಲಿ ಗೆರೆಗಳೇ ಇರಲಿಲ್ಲ. ಸುಟ್ಟು ನುಣುಪಾದ ಚರ್ಮ ಮಸಿ ಹಿಡಿಯುವುದಿಲ್ಲ.

ಮೌಲಾಸಾಬರು ಹೊರಗೆ ಬೇವಿನ ನೆರಳಲ್ಲಿ ಗಾಡಿ ಒರೆಸುತ್ತಿದ್ದರು. ಐವತ್ತು ದಾಟಿದ, ಕಥೆ ಕಟ್ಟುವ ಅಭ್ಯಾಸವಿಲ್ಲದ ಮನುಷ್ಯ.

"ಅಂಗಡಿಗೋಳ ಮುಂದ ಗಾಡಿ ನಿಂದ್ರಿಸಿದೆ. ಹೆಸರ ಕೂಗಬೇಕು ಅಂತ ಬಾಯಿ ತಗದೆ. ಅಷ್ಟರಾಗ ಹಿಂದಿನ ಬಾಗಲಾ ತಗದು ಕುಂತಬಿಟ್ಟಿದ್ದ್ರಿ. ಕೈ ವರಸ್ಕೋತಿದ್ದ."

"ಮುದಕಪ್ಪ ನೀನೇನು ಅಂತ ಕೇಳಲಿಲ್ಲೇನು?"

"ಕೇಳಿದೆ. ಹೌದು ಅಂದ. ಹಾದ್ಯಾಗ ಒಂದ ಮಾತು ಕೇಳಿದ ನೋಡ್ರಿ. 'ನನ್ನ ಹೆಸರ ಯಾರ ಬರದಾರ?' ಅಂದ. ಬಾಗಲಕೋಟಿ ಅಕ್ಕಾರು ಬರದಾರಪಾ ಅಂದೆ. 'ಚಲೋ ಬರದಾರ' ಅಂದ. ರಕ್ತಾ ಕೊಟ್ಟಾದ ಮ್ಯಾಲೆ ಬಿಟ್ಟ ಬರ್ತೇನಿ ಕುಂಡ್ರು ಅಂದ್ರ, ಆಸಾಮಿ ಇರಲೇ ಇಲ್ಲ. ಗಾಡ್ಯಾಗ ಇನ್ನಾ ಬೆಲ್ಲದ ವಾಸನಿ ಐತಿ, ನೋಡ್ರಿ ಬೇಕಾದ್ರ."

ನೋಡಿದೆ. ಫಿನಾಯಿಲಿನ ಅಡಿಯಲ್ಲಿ ಕಾಯಿಸಿದ ಬೆಲ್ಲದ ವಾಸನೆ ಸಣ್ಣಗೆ ಇತ್ತು. ವಾಪಸು ಬರುವಾಗ ಅಮೀನಗಡದಲ್ಲಿಳಿದೆ. ಕಣ್ಣು ಕುಕ್ಕುವ ಬಿಸಿಲು. ಒಂದೊಂದೇ ಅಂಗಡಿ ಹತ್ತಿ ವಿಚಾರಿಸಿದೆ. ಆ ಹೆಸರಿನವರು, ಬೆರಳು ಸುಟ್ಟುಕೊಂಡವರು, ಮೊನ್ನೆ ರಕ್ತ ಕೊಟ್ಟವರು, ಯಾರೂ ಇಲ್ಲ. ಒಬ್ಬ ಮುದುಕ ಅಂಗಡಿಕಾರ ಗೋಡಂಬಿ ಸೀಳುವುದನ್ನು ನಿಲ್ಲಿಸಿ ಹೇಳಿದ: "ಮೊನ್ನೆ ಬಿಳಿ ಗಾಡಿ ಬಂದು ನಿಂತಿತ್ತು ಖರೆ. ಡ್ರೈವರ ಒಬ್ಬನ ಕುಂತು ಹಿಂದ ತಿರಗಿ ಮಾತಾಡಕೋತ ಹೋದ. ಪಾಪ, ತಲಿ ಸರಿ ಇಲ್ಲೇನೋ ಅನಕೊಂಡೆ."

ಕಚೇರಿಗೆ ಬಂದು ಪುಟ ತೆರೆದೆ. ಮುದಕಪ್ಪನ ಉದಾಹರಣೆಯಲ್ಲಿ, ನಾನು ಖಾಲಿ ಬಿಟ್ಟಿದ್ದ 'ಕೊನೆಯ ರಕ್ತದಾನ' ಎಂಬ ಜಾಗದಲ್ಲಿ ತಾರೀಖು ತುಂಬಿತ್ತು. ಕೂಡಲಸಂಗಮದ ಕಡೆಯ ಆ ಹೆಣ್ಣುಮಗಳಿಗೆ ರಕ್ತ ಏರಿಸಿದ ದಿನದ್ದೇ. ಆ ಉದಾಹರಣೆ ಇದ್ದ ಕಡತ ನನ್ನ ಯಂತ್ರದಲ್ಲಿ ಮಾತ್ರ ಇತ್ತು. ಕಡತವನ್ನು ಕೊನೆಯ ಸಲ ತಿದ್ದಿದ ದಿನ ಯಾವುದೆಂದು ಯಂತ್ರ ಹೇಳುತ್ತದಲ್ಲ, ಅದು ನಾನು ಮುದಕಪ್ಪನನ್ನು ಬರೆದ ಹಳೆಯ ದಿನವನ್ನೇ ತೋರಿಸುತ್ತಿತ್ತು. ಮಠಪತಿಯವರನ್ನು ಕರೆದು ತೋರಿಸಿದೆ. "ಫೋನ್ ಬಂದ ಮ್ಯಾಲೆ ನೀವ ಗಾಬರ್ಯಾಗ ಬರದಿರಬೇಕ್ರಿ. ಯಂತ್ರದ ಗಡಿಯಾರ ತಪ್ಪಿರಬೇಕು" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಅವರು ನಮ್ಮ ಕಚೇರಿಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

ದೇಸಾಯರು ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ, ಬೈಯಲೂ ಇಲ್ಲ. "ಯಾರೋ ಪುಣ್ಯಾತ್ಮ ಬೇರೆಯವನ ಹೆಸರು ಹೇಳಿ ರಕ್ತ ಕೊಟ್ಟಾನ. ಒಳ್ಳೇದಾತು. ಆದರ ಆ ಹಾಳಿ ಗ್ವಾಡಿ ಮ್ಯಾಲಿಂದ ಇವತ್ತ ಇಳೀಬೇಕು, ಆ ಹೆಸರು ಪುಟದಿಂದ ಇವತ್ತ ಹೋಗಬೇಕು" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಸಿಸ್ಟರಿಗೆ ಫೋನ್ ಮಾಡಿ ಹಾಳೆ ಇಳಿಸಲು ಹೇಳಿದೆ, ಅಂಥವನೊಬ್ಬ ಇಲ್ಲವೇ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಮುದಕಪ್ಪನನ್ನು ಅಳಿಸಿ ಅವನ ಜಾಗದಲ್ಲಿ 'ಹೆಸರು: ಉದಾಹರಣೆ, ಊರು: ಇಲ್ಲ' ಎಂದು ಬರೆದೆ. ಪ್ರತಿ ಸಾಲಿಗೂ 'ಇದು ಮಾದರಿ' ಎಂದು ಸೇರಿಸಿದೆ. ನೀವೂ ಹಾಗೇ ಮಾಡಿ. ಮಾದರಿಯ ಮನುಷ್ಯ ಮನುಷ್ಯನಂತೆ ಕಾಣಬಾರದು.

ಆದರೆ ಅಳಿಸಿದ ಮೇಲೆ ನನಗೊಂದು ಕೆಟ್ಟ ಚಾಳಿ ಹತ್ತಿತು. ಒಮ್ಮೆ ರಕ್ತ ಕೊಟ್ಟವರು ಮೂರು ತಿಂಗಳು ಕೊಡುವಂತಿಲ್ಲ. ಅವನಿಗೆ ಯಾವಾಗ ಮೂರು ತಿಂಗಳು ಮುಗಿಯುತ್ತದೆ ಎಂದು ನಾನು ಯಾರಿಗೂ ಹೇಳದೆ ಲೆಕ್ಕ ಹಾಕತೊಡಗಿದೆ. ಬಸ್ಸಿನಲ್ಲಿ ಅಮೀನಗಡ ದಾಟುವಾಗ ಕಿಟಕಿಯಿಂದ ಹೊರಗೆ ನೋಡುತ್ತಿರಲಿಲ್ಲ. ನನಗೆ ಭಯವಿತ್ತು. ಭಯದ ಜೊತೆಗೆ, ನಾನು ಬರೆದವನು ಬಂದ ಎಂಬ ಹೆಮ್ಮೆಯೂ ಇತ್ತು. ಇದನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ಗಂಗವ್ವ ಸಿಸ್ಟರ್ ಮತ್ತೆ ಫೋನ್ ಮಾಡಿದರು. ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು, ಹೆಸರು ಅನಸೂಯಾ. ಹೆರಿಗೆಯಾಗಿ ಕೂಸು ಚೆನ್ನಾಗಿದೆ, ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್. ನಮ್ಮ ಫ್ರಿಜ್ಜಿನಲ್ಲಿ ಅಂದು ಆ ಗುಂಪಿನ ಒಂದು ಬಾಟಲಿಯೂ ಇರಲಿಲ್ಲ. ದೇಸಾಯರು ಊರಲ್ಲಿರಲಿಲ್ಲ.

"ಮುದಕಪ್ಪಗ ಮೂರ ತಿಂಗಳು ಮುಗದಾವಲ್ರಿ ಅಕ್ಕಾರ? ಮೌಲಾಸಾಬನ್ನ ಅಮೀನಗಡಕ್ಕ ಕಳಸ್ಲಿ?"

ನಾನು "ಕಳಸ್ರಿ" ಅಂದೆ.

ಹನ್ನೆರಡಕ್ಕೆ ಮೌಲಾಸಾಬರು ಅಮೀನಗಡದ ಅಂಗಡಿಯೊಂದರಿಂದ ನನಗೇ ಫೋನ್ ಮಾಡಿದರು. "ಮೂರ ಸಲ ಕೂಗಿದೆರಿ. ಯಾರೂ ಬರವಲ್ರು. ಮಂದಿ ನನ್ನ ಮಾರಿ ನೋಡಾಕತ್ತಾರ."

ಆಗ ನನ್ನ ತಲೆಗೆ ಹೊಳೆದದ್ದು ಒಂದೇ: ಅಳಿಸಿದ್ದೇನಲ್ಲ, ಹೇಗೆ ಬಂದಾನು? ಇವತ್ತು ಇದನ್ನು ಬರೆಯುವಾಗ ಆ ಯೋಚನೆ ಎಷ್ಟು ಹುಚ್ಚೆಂದು ಕಾಣುತ್ತದೆ. ಅಂದು ಅದು ಎರಡು ಕೂಡಿಸು ಎರಡರಷ್ಟು ನೇರವಾಗಿತ್ತು. "ಅಲ್ಲೇ ಇರ್ರಿ ಮೌಲಾಸಾಬ್, ನಾ ಹೇಳೋ ತನಕ ಕದಲಬ್ಯಾಡ್ರಿ" ಎಂದು ಹೇಳಿ ಕಡತ ತೆರೆದು ಮುದಕಪ್ಪನನ್ನು ಮತ್ತೆ ಬರೆಯಲು ಕುಳಿತೆ. ಹೆಸರು, ಊರು, ವಯಸ್ಸು, ಬೆರಳಿನ ಕಲೆ, ಎಲ್ಲ ಬಾಯಿಪಾಠವಾಗಿತ್ತು. ಎಲ್ಲೋ ಖಾಲಿ ಜಾಗ ಒಂದು ಹೆಚ್ಚಾಗಿ ಪ್ರೋಗ್ರಾಂ ಶುರುವಾಗಲೇ ಇಲ್ಲ. ಹುಡುಕಿದೆ, ತಿದ್ದಿದೆ, ಮತ್ತೆ ನಿಂತಿತು. ಕನ್ನಡ ಅಕ್ಷರಗಳ ಬದಲು ಚೌಕ ಚೌಕ ಬಂದವು. ಮತ್ತೆ ಬರೆದೆ. ಪುಟ ಸರಿಯಾಗಿ ಬಂದು, ಉತ್ತರ: ಮುದಕಪ್ಪ ಬೆಲ್ಲದ, ಎಂದು ಕಾಣುವಾಗ ಗಡಿಯಾರ ಒಂದು ಗಂಟೆ ದಾಟಿತ್ತು.

ಆ ಅಂಗಡಿಗೆ ಫೋನ್ ಮಾಡಿ ಮೌಲಾಸಾಬರಿಗೆ, "ಈಗ ಕೂಗ್ರಿ" ಅಂದೆ.

ಅವರು ಫೋನನ್ನು ಕಟ್ ಮಾಡದೆ ಹಾಗೇ ಪಕ್ಕಕ್ಕಿಟ್ಟು ಹೊರಗೆ ಹೋದರು. ದೂರದಿಂದ ಅವರ ದನಿ ನನಗೆ ಕೇಳಿಸಿತು. ಮುದಕಪ್ಪಾ, ಮುದಕಪ್ಪಾ ಎಂದು. ಒಂದು ಬಸ್ಸು ನಿಂತು ಹೊರಟ ಸದ್ದು. ಆಮೇಲೆ ಅವರು ಬಂದು ಹೇಳಿದರು: "ಇಲ್ರಿ ಅಕ್ಕಾರ. ಯಾರಿಲ್ಲ."

ಆ ಕ್ಷಣದಲ್ಲಿ ನನಗೆ ಎಚ್ಚರವಾಯಿತು. ಬಾದಾಮಿಯಲ್ಲಿ ಶಿವಾನಂದ ಮಾಸ್ತರರಿದ್ದರು. ಪ್ರಾಥಮಿಕ ಶಾಲೆಯವರು, ಓ ನೆಗೆಟಿವ್, ನಾಲ್ಕು ಸಲ ನನ್ನೆದುರೇ ರಕ್ತ ಕೊಟ್ಟವರು. ಅವರ ಕಾರ್ಡು ನನ್ನ ಕುರ್ಚಿಯ ಹಿಂದಿನ ಡಬ್ಬಿಯಲ್ಲೇ ಇತ್ತು. ಬೇರೆ ಯಾವ ದಿನವಾದರೂ ಸಿಸ್ಟರ್ 'ಓ ನೆಗೆ' ಅನ್ನುವಷ್ಟರಲ್ಲಿ ನನ್ನ ಕೈ ಆ ಕಾರ್ಡಿಗೆ ಹೋಗುತ್ತಿತ್ತು. ಡಬ್ಬಿ ನೋಡದೆಯೇ ದಾನಿಗಳ ಹೆಸರು ಹೇಳುತ್ತಾಳೆ ಎಂದು ಹೊಗಳಿಸಿಕೊಂಡವಳು ನಾನು. ಆ ಎರಡು ತಾಸು ಅವರ ನೆನಪೇ ನನಗೆ ಬರಲಿಲ್ಲ. ಇಲ್ಲದವನನ್ನು ಬರೆಯುತ್ತ ಕುಳಿತಿದ್ದೆ.

ಶಾಲೆಗೆ ಫೋನ್ ಮಾಡಿದೆ. ಮಾಸ್ತರರು ಪಾಠ ಬಿಟ್ಟು ಬಂದು ಕೇಳಿಸಿಕೊಂಡರು. ಯಾರು, ಏನು, ಎಷ್ಟು ದೂರ, ಒಂದನ್ನೂ ಕೇಳಲಿಲ್ಲ. "ಹೊಂಟೆ ನೋಡ್ರಿ ಅಕ್ಕಾರ" ಅಂದರು. ಗೆಳೆಯನ ಮೋಟಾರ್ ಸೈಕಲ್ ಹಿಡಿದು ಗುಳೇದಗುಡ್ಡದ ಮೇಲಿಂದ ಆ ಬಿಸಿಲಲ್ಲಿ ಹೊರಟರು. ನಾನು ಗಡಿಯಾರದ ಮುಂದೆ ಕುಳಿತೆ. ಹನ್ನೊಂದಕ್ಕೆ ಅವರು ಹೊರಟಿದ್ದರೆ ಒಂದರೊಳಗೆ ಹುನಗುಂದದಲ್ಲಿರುತ್ತಿದ್ದರು. ಅದನ್ನು ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ.

ಮೂರು ಗಂಟೆಗೆ ಸಿಸ್ಟರ್ ಫೋನ್ ಬಂತು. ಅವರು ಅಳುತ್ತಿರಲಿಲ್ಲ, ದನಿ ಮಾತ್ರ ಬಹಳ ಸಣ್ಣದಾಗಿತ್ತು.

"ಅನಸೂಯಾ ಎರಡೂವರಿಗೆ ಹೋದ್ಲ್ರಿ. ಈಗ ಬಾದಾಮಿ ಮಾಸ್ತರ ಬಂದಾರ. ಅಂಗಿ ತೋಳು ಮ್ಯಾಲೆ ಮಾಡ್ಕೊಂಡು ಬೆಂಚಿನ ಮ್ಯಾಲೆ ಕುಂತಾರ. ಎಲ್ಲೆ ಬರ್ಬೇಕು, ಎಲ್ಲೆ ಬರ್ಬೇಕು ಅಂತ ಕೇಳಾಕತ್ತಾರ. ಅವರಿಗೆ ನಾ ಏನ್ ಹೇಳ್ಲಿ ಅಕ್ಕಾರ?"